ಮೇಳದ ಅತಿಥಿ ಯಾರ ಮನೆಗೆ

ಚಾಪೆಲ್ ಬೀದಿ,
ಕ್ವಮ್ ಹೆಲಿಗ್
ಭಾನುವಾರ, ೨೧ ಏಪ್ರಿಲ್ ೧೯೭೪

ಪ್ರೀತಿಯ ನೆಸ್ಟಾ,

ನಿನ್ನ ಕಾಗದ ಬಂದದ್ದು ಯಾವಾಗ, ನಾನು ಉತ್ತರಕ್ಕೆ ಕೂತದ್ದು ಯಾವಾಗ ಎಂದು ದಯವಿಟ್ಟು ಲೆಕ್ಕ ಹಾಕಬೇಡ. ಅದನ್ನು ಅಡುಗೆಮನೆಯ ಗಡಿಯಾರದ ಹಿಂದೆ ಸಿಕ್ಕಿಸಿದ್ದೇನೆ. ಹೊತ್ತು ನೋಡಲು ತಲೆ ಎತ್ತಿದಾಗಲೆಲ್ಲ ನೀನು ಅಲ್ಲಿಂದ ಗುರಾಯಿಸಿದ ಹಾಗಾಗುತ್ತದೆ. ಚಳಿಗಾಲದಲ್ಲಿ ಎರಡು ಸಲ ಬರೆಯಲು ಕೂತೆ, ಎರಡು ಸಲವೂ ಅಳು ಬಂತು. ಅಳುಬುರುಕ ಕಾಗದಕ್ಕೆ ಅಷ್ಟು ದುಬಾರಿ ಅಂಚೆಚೀಟಿ ಯಾಕೆ ದಂಡ ಎಂದು ಒಲೆಗೆ ಹಾಕಿದೆ. ಈಗ ಪರವಾಗಿಲ್ಲ. ಈಗ ಹೇಳಲು ಸುದ್ದಿಯೂ ಇದೆ.

ಮೊದಲು ನಿಮ್ಮ ಕಡೆಯದು ಹೇಳು. ನಿನ್ನ ಗೊಮರನ ಮಂಡಿನೋವು ಆಸ್ಟ್ರೇಲಿಯಾದ ಬಿಸಿಲಿಗಾದರೂ ಇಳಿಯಿತೇ? ಅವನು ಹಾಡುತ್ತಾನೋ ಇಲ್ಲವೋ? ಇಲ್ಲಿ ಗಂಡಸರ ಹಾಡಿನ ಮೇಳದಲ್ಲಿ ಮೇಲ್ದನಿಯ ಸಾಲಿನವರು ಅವನನ್ನು ಇನ್ನೂ ಬೈಯುತ್ತಾರೆ, ಹೋಗುವವನು ಹೋಗಲಿ, ತನ್ನ ಎತ್ತರದ ಸ್ವರವನ್ನಾದರೂ ಬಿಟ್ಟು ಹೋಗಬಾರದಿತ್ತೇ ಎಂದು. ನಿಮ್ಮ ಮನೆಗೆ ಬಾಡಿಗೆಗೆ ಬಂದಿರುವ ಮೇಷ್ಟ್ರು ಒಳ್ಳೆಯವನೇ. ಆದರೆ ಒಂಟಿ ಮನುಷ್ಯ, ಸದ್ದಿಲ್ಲ ಸುದ್ದಿಯಿಲ್ಲ. ನೀನಿದ್ದಾಗ ಗೋಡೆಯ ಆಚೆ ಒಲೆ ಕೆದಕಿದರೂ ನನಗೆ ಗೊತ್ತಾಗುತ್ತಿತ್ತು. ಈಗ ಆಚೆಯೂ ಸದ್ದಿಲ್ಲ, ಈಚೆಯೂ ಇಲ್ಲ.

ನನ್ನ ಇದ್ವಲ್ ತೀರಿಹೋಗಿ ಆರು ತಿಂಗಳಾಯಿತು. ಗಣಿಯ ಧೂಳು ಎದೆಗೆ ಇಳಿದ ಮೇಲೆ ಅವನು ಹಾಡಿದ್ದು ಕಡಿಮೆ ಎಂದು ನಿನಗೆ ಗೊತ್ತೇ ಇದೆ. ಕೊನೆಕೊನೆಗೆ ಮಂದ್ರದ ಸಾಲಿನ ತುದಿಗೆ ನಿಂತು ಬರೀ ಬಾಯಾಡಿಸುತ್ತಿದ್ದ. ಪಕ್ಕದಲ್ಲಿ ನಿಂತವರು ಸ್ವಲ್ಪ ಜೋರಾಗಿ ಹಾಡಿ ಅವನ ಪಾಲನ್ನೂ ತುಂಬಿಕೊಡುತ್ತಿದ್ದರು, ಯಾರೂ ಒಂದು ಮಾತು ಅನ್ನಲಿಲ್ಲ. ಮನೆಯಲ್ಲಿ ಹಗಲೂ ರಾತ್ರಿಯೂ ಕೆಮ್ಮು. ನಂಬುತ್ತೀಯೋ ಇಲ್ಲವೋ, ನನಗೆ ಈಗ ಆ ಕೆಮ್ಮೂ ಬೇಕು ಅನ್ನಿಸುತ್ತದೆ. ಅದೂ ಒಂದು ಗಂಡುದನಿಯೇ ಅಲ್ಲವೇ? ದೀಪ ಹಾಕಿದ ಮೇಲೆ ಈ ಮನೆಯಲ್ಲಿ ನನ್ನ ಚಪ್ಪಲಿಯ ಸದ್ದು ಬಿಟ್ಟರೆ ಬೇರೆ ಇಲ್ಲ. ಒಮ್ಮೊಮ್ಮೆ ನನ್ನ ಚಪ್ಪಲಿಗೇ ನಾನು ‘ಯಾರದು?’ ಅನ್ನುತ್ತೇನೆ.

ಇರಲಿ, ಸುದ್ದಿ ಏನೆಂದರೆ, ಮತ್ತೆ ಅತಿಥಿಗಳ ಕಾಟ ಶುರುವಾಯಿತು! ಮೇ ತಿಂಗಳ ಹಾಡಿನ ಕಛೇರಿಗೆ ಯುಗೊಸ್ಲಾವಿಯದಿಂದ, ಅದರಲ್ಲೂ ಸ್ಲೊವೇನಿಯ ಎಂಬ ಕಡೆಯಿಂದ, ಗಂಡಸರ ಮೇಳವೊಂದು ಬರುತ್ತಿದೆ. ಅವರೂ ಕಲ್ಲಿದ್ದಲು ಗಣಿಯವರೇ ಅಂತೆ. ಜೊತೆಗೆ ಅಕಾರ್ಡಿಯನ್ ನುಡಿಸುವವರು ಬೇರೆ. ಶನಿವಾರ ನಮ್ಮವರು ಒಂದಷ್ಟು, ಅವರು ಒಂದಷ್ಟು, ಕೊನೆಗೆ ಎರಡೂ ಮೇಳ ಬೆರೆತು ನಿಂತು ಒಂದು ಕೀರ್ತನೆ. ಅಂಚೆ ಕಚೇರಿಯ ಎಮ್ಲಿನ್ ಇದ್ದಾನಲ್ಲ, ಮೇಳದ ಕಾರ್ಯದರ್ಶಿ, ಈಸ್ಟರ್ ದಿನ ಚಾಪೆಲ್‌ನಲ್ಲಿ ಎದ್ದು ನಿಂತು ಇದನ್ನು ಹೇಳುವಾಗ ಯುದ್ಧ ಗೆದ್ದವನ ಹಾಗೆ ಎದೆ ಉಬ್ಬಿಸಿದ್ದ. ಮೂವತ್ತೆಂಟು ಜನ, ಎರಡು ರಾತ್ರಿ. ಎಲ್ಲರೂ ನಮ್ಮ ನಮ್ಮ ಮನೆಗಳಲ್ಲೇ ಉಳಿಯಬೇಕು, ಎಂದಿನ ಹಾಗೆ.

ಎಂದಿನ ಹಾಗೆ ಅಂದರೆ ಏನು ಎಂದು ನಿನಗೆ ನಾನು ಹೇಳಬೇಕೇ! ಹಾಸಿಗೆ ಹೊರಗೆಳೆದು ಬಡಿ, ಹೊದಿಕೆ ಒಗೆ, ಹಂದಿಮಾಂಸ ಬೇಯಿಸು, ಅವನು ತಿನ್ನುತ್ತಾನೋ ಇಲ್ಲವೋ ಎಂದು ಮುಖ ನೋಡುತ್ತ ಕೂರು. ಬ್ರಿಟನಿಯಿಂದ ಬಂದಿದ್ದ ಆ ದಡೂತಿ ಮನುಷ್ಯ ನೆನಪಿದೆಯೇ, ಬೆಳಗಿನ ಚಳಿಯಲ್ಲಿ ಅಂಗಿಯಿಲ್ಲದೆ ಹಿತ್ತಲಲ್ಲಿ ನಿಂತು ಸ್ವರ ಹಿಡಿದವನು? ನೆರೆಮನೆಯ ಕೆರಿದ್ವೆನ್ ಮಹಡಿಯ ಕಿಟಕಿಯಿಂದ ಬಗ್ಗಿ ಬಗ್ಗಿ ನೋಡಿ, ಆಮೇಲೆ ಊರೆಲ್ಲ ‘ಥೂ, ಮಾನಗೆಟ್ಟವರು’ ಎಂದು ಸಾರಿಕೊಂಡು ಬಂದಳಲ್ಲ! ಕಾರ್ನ್‌ವಾಲ್‌ನ ಇಬ್ಬರು ನನ್ನ ವಾರದ ಬೆಣ್ಣೆಯನ್ನು ಒಂದೇ ಬೆಳಿಗ್ಗೆ ಮುಗಿಸಿದರು. ಜರ್ಮನಿಯವನು ಮಂಚದ ಕಾಲು ಮುರಿದು, ಹೇಳಲು ನಾಚಿ, ರಾತ್ರಿಯಿಡೀ ನೆಲದ ಮೇಲೆ ಮಲಗಿದ. ಮೂವತ್ತು ವರ್ಷದಿಂದ ಇದೇ ಗೋಳು. ನನಗಂತೂ ಸಾಕಾಗಿದೆ ಮಾರಾಯ್ತಿ.

ಹಿಂದಿನ ಕೋಣೆಗೆ ಹೊಸ ಪರದೆ ಹೊಲಿದೆ. ಹಳೆಯದು ಬಣ್ಣಗೆಟ್ಟಿತ್ತು, ಹೇಗೂ ಹೊಲಿಯಬೇಕಿತ್ತು. ನೀಲಿ ಬಣ್ಣದ್ದು, ಸಣ್ಣ ಬಿಳಿ ಚುಕ್ಕಿ. ಮಂಚವನ್ನು ಕಿಟಕಿಯ ಕಡೆಗೆ ಸರಿಸಿದ್ದೇನೆ, ಬೆಟ್ಟ ಕಾಣಲಿ ಎಂದು. ಅವರಿಗೂ ಬೆಟ್ಟ ಇದೆಯಂತೆ, ನಮ್ಮದಕ್ಕಿಂತ ದೊಡ್ಡದಂತೆ. ನೋಡೋಣ.

ಎಮ್ಲಿನ್ ಇನ್ನೂ ‘ನಿನಗೆ ಎಷ್ಟು ಜನ’ ಎಂದು ಹೇಳಿಲ್ಲ. ಅವನು ಯಾವತ್ತು ಹೇಳಿದ್ದ? ನಮ್ಮಲ್ಲಿ ಕೇಳಿದರೆ ಅನುಮಾನಪಟ್ಟ ಹಾಗೆ, ಹೇಳಿದರೆ ಹೊರೆ ಹೊರಿಸಿದ ಹಾಗೆ. ಮೇಳದ ಮನೆ ಎಂದಮೇಲೆ ಅತಿಥಿ ಬಂದೇ ಬರುತ್ತಾನೆ. ಬಸ್ಸು ಬಂದ ದಿನ ಎಮ್ಲಿನ್ ಕುರ್ಚಿ ಹತ್ತಿ ಹೆಸರು ಕೂಗುತ್ತಾನೆ, ನಮ್ಮ ಮನುಷ್ಯನನ್ನು ನಾವು ಕರೆದುಕೊಂಡು ಹೋಗುತ್ತೇವೆ. ಒಬ್ಬನೇ ಬಂದರೂ ಸಾಕು. ಇಬ್ಬರಾದರೆ ಪಕ್ಕದ ಸಣ್ಣ ಮಂಚವೂ ಇದೆ.

ಮಕ್ಕಳಿಗೆ, ಗೊಮರನಿಗೆ ನನ್ನ ನೆನಪು ಹೇಳು. ಬಿಸಿಲಿಗೆ ಟೋಪಿ ಇಲ್ಲದೆ ಹೋಗಬೇಡ, ನಿನ್ನ ಮುಖದ ಚರ್ಮ ನನಗೆ ಗೊತ್ತು.

ನಿನ್ನ
ತೆಗ್ವೆನ್


ಗುರುವಾರ, ೧೬ ಮೇ

ನೆಸ್ಟಾ,

ಇದು ಕಾಗದವಲ್ಲ, ಬರೀ ಒಂದು ಕಾರ್ಡು. ನಿನ್ನದು ಬಂದ ಮೇಲೆ ಸರಿಯಾಗಿ ಬರೆಯುತ್ತೇನೆ. ನಾಳೆ ಬರುತ್ತಾರೆ. ಕಾವಲಿಯ ಮೇಲೆ ಒಣದ್ರಾಕ್ಷಿಯ ಬಿಲ್ಲೆಗಳನ್ನು ಸುಟ್ಟೆ, ಒಬ್ಬನಿಗೆ ಎಂದು ಶುರುಮಾಡಿ ಇಡೀ ಗಣಿಗೆ ಆಗುವಷ್ಟು ಆಯಿತು. ಹಿಂದಿನ ಕೋಣೆಯಲ್ಲಿ ಬೆಳಿಗ್ಗೆಯೇ ಬೆಂಕಿ ಹಾಕಿಟ್ಟೆ, ತಂಡಿ ಹೋಗಲಿ ಎಂದು. ಆ ಕೋಣೆಯಿಂದ ಕೆಳಗಿಳಿದು ಬಂದರೆ ಮನೆಯೇ ಬೇರೆ ಥರ ಕಾಣುತ್ತಿದೆ. ಯಾರಿಗೂ ಹೇಳಬೇಡ, ಗೊಮರನಿಗಂತೂ ಹೇಳಲೇಬೇಡ, ನನಗೆ ಖುಷಿಯಾಗಿದೆ. ಚಾಪೆಲ್‌ನ ಹಿಂದಿನ ಹಾಲ್‌ಗೆ ಹೋಗಲು ನನ್ನ ಹಸಿರು ಟೋಪಿ ತೆಗೆದಿಟ್ಟಿದ್ದೇನೆ, ಹಬ್ಬದ್ದು.

ತೆಗ್ವೆನ್


ಭಾನುವಾರ, ೨೬ ಮೇ

ಪ್ರೀತಿಯ ನೆಸ್ಟಾ,

ಕಾರ್ಡಿನಲ್ಲಿ ಅಷ್ಟೆಲ್ಲ ಹಾರಾಡಿ, ಆಮೇಲೆ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದಕ್ಕೆ ಕ್ಷಮೆ ಇರಲಿ. ಕಛೇರಿ ಚೆನ್ನಾಗಿ ಆಯಿತು, ಅದು ಮೊದಲು. ಚಾಪೆಲ್ ತುಂಬಿ ಹೊರಗೂ ಜನ ನಿಂತಿದ್ದರು. ಉಳಿದದ್ದನ್ನು ಆದ ಹಾಗೇ ಹೇಳುತ್ತೇನೆ, ಅಡ್ಡ ಬಾಯಿ ಹಾಕಬೇಡ.

ಶುಕ್ರವಾರ ಸಂಜೆ ಬಸ್ಸು ಬಂತು. ಹಾಲ್‌ನಲ್ಲಿ ಒಂದು ಕಡೆ ಅವರು, ಪೆಟ್ಟಿಗೆ ಚೀಲ ಕಾಲಬಳಿ ಇಟ್ಟುಕೊಂಡು. ಇನ್ನೊಂದು ಕಡೆ ನಾವು, ಮನೆಗಳವರು. ಟೀ ಬ್ರೆಡ್ಡು ಹಂಚುವ ಹೆಂಗಸರು ಹಿಂದಿನ ಮೇಜಿನ ಬಳಿ. ನಾನು ಮನೆಗಳವರ ಜೊತೆ ನಿಂತೆ. ಅಲ್ಲೆಲ್ಲ ಗಂಡಸರೇ, ಅವರ ಹೆಂಡಿರು ಒಂದೆರಡು. ಕೆರಿದ್ವೆನ್ ನನ್ನ ಟೋಪಿಯನ್ನು ಮೇಲಿನಿಂದ ಕೆಳಗೆ ನೋಡಿದಳು.

“ಏನೇ, ಇಲ್ಲಿ ನಿಂತಿದ್ದೀಯ? ಟೀ ಕೆಟ್ಲು ಅಲ್ಲಿದೆ.”

“ನನ್ನ ಕಣ್ಣು ಇನ್ನೂ ಚೆನ್ನಾಗಿದೆ ಕೆರಿದ್ವೆನ್, ಕೆಟ್ಲು ಕಾಣ್ತಿದೆ.”

“ಅಲ್ಲ, ಕಾಲು ನೋವು ಬರುತ್ತಲ್ಲ ಅಂತ ಅಂದೆ ಅಷ್ಟೇ.”

ಎಮ್ಲಿನ್ ಕುರ್ಚಿ ಹತ್ತಿ ಹೆಸರು ಕೂಗತೊಡಗಿದ. ಅವರ ಹೆಸರುಗಳನ್ನು ಅವನು ಹೇಳುವ ಚೆಂದಕ್ಕೆ ಅವರೇ ನಗುತ್ತಿದ್ದರು. ಒಬ್ಬೊಬ್ಬನ ಹೆಸರು, ಹಿಂದೆಯೇ ನಮ್ಮ ಮನೆಯವನ ಹೆಸರು. “ಇಲ್ಲಿ!” ಎಂದು ಇವನು ಕೈ ಎತ್ತುತ್ತಾನೆ, ಅವನು ಚೀಲ ಎತ್ತುತ್ತಾನೆ, ಭುಜ ತಟ್ಟಿಕೊಂಡು ಹೊರಡುತ್ತಾರೆ. ಕೆರಿದ್ವೆನ್ ಮನೆಗೆ ಇಬ್ಬರು ಸಿಕ್ಕರು, ಇಬ್ಬರೂ ಮಂದ್ರದವರು, ಇಬ್ಬರಿಗೂ ಮೀಸೆ. ಅವಳು ನನ್ನ ಮುಂದಿನಿಂದಲೇ ಅವರನ್ನು ನಡೆಸಿಕೊಂಡು ಹೋದಳು. ಮನೆಗಳವರ ಗುಂಪು ತೆಳ್ಳಗಾಗುತ್ತ ಬಂತು. ನಾನು ಪ್ರತಿ ಹೆಸರಿಗೂ ಕೈಚೀಲ ಈ ಕೈಯಿಂದ ಆ ಕೈಗೆ ಬದಲಾಯಿಸಿದೆ. ಕೊನೆಗೆ ಅಕಾರ್ಡಿಯನ್‌ನವನೊಬ್ಬ ಉಳಿದಿದ್ದ, ಸಣ್ಣ ಮುಖ, ಜ್ವರ ಬಂದವನ ಹಾಗೆ. ಇವನೇ ನನ್ನವನು ಎಂದುಕೊಂಡೆ. ಬಿಸಿನೀರಿಗೆ ನಿಂಬೆ ಹಿಂಡಿ ಕೊಡಬೇಕು ಎಂದೂ ಅಂದುಕೊಂಡೆ. ಎಮ್ಲಿನ್ ಅವನನ್ನು ಪಾದ್ರಿಯ ಮನೆಗೆ ಕಳಿಸಿ ಕುರ್ಚಿ ಇಳಿದ.

ಹಾಲ್‌ನಲ್ಲಿ ಹಸಿರು ಟೋಪಿ ಹಾಕಿಕೊಂಡು ನಾನೊಬ್ಬಳೇ ನಿಂತಿದ್ದೆ ನೆಸ್ಟಾ.

“ಅಯ್ಯೋ ತೆಗ್ವೆನ್, ನೀನಿನ್ನೂ ಹೋಗಿಲ್ವಾ?” ಎಂದ ಎಮ್ಲಿನ್. ಕಣ್ಣು ಮಾತ್ರ ನನ್ನ ಮೇಲಿಲ್ಲ, ಕುರ್ಚಿಯ ಮೇಲೆ. “ಈ ಸಲ ನಿಂಗೆ ತೊಂದ್ರೆ ಕೊಡ್ಲಿಲ್ಲ. ಒಬ್ಳೇ ಇದ್ದೀಯ. ಆರಾಮಾಗಿ ಬಂದು ಹಾಡು ಕೇಳು ಸಾಕು.”

“ಒಳ್ಳೇದು ಮಾಡ್ದೆ,” ಎಂದೆ. “ನಂಗೂ ಅದೇ ಬೇಕಾಗಿತ್ತು.”

ಹಾಗಂದು ಕೋಟಿನ ತೋಳು ಮಡಚಿ ಕಪ್ಪು ಬಸಿ ತೊಳೆಯಲು ನಿಂತೆ. ಯಾರೂ ಹೇಳಿರಲಿಲ್ಲ. ಆದರೆ ಬರಿಗೈಯಲ್ಲಿ ಆ ಬಾಗಿಲು ದಾಟುವುದು ನನ್ನಿಂದ ಆಗುತ್ತಿರಲಿಲ್ಲ. ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ. ನಾನು ಒಂದು ಮನೆ ಅಲ್ಲವೇ, ಗಂಡ ಸತ್ತರೆ ಮನೆಯೂ ಸತ್ತಂತೆಯೇ, ಹಾಗಾದರೆ ಮೂವತ್ತು ವರ್ಷ ಅವರೆಲ್ಲ ತಿಂದದ್ದು ಯಾರ ಕೈಯ ಅಡುಗೆ ಎಂದು ಕಪ್ಪುಗಳ ಜೊತೆ ಜಗಳವಾಡಿದೆ. ಒಂದು ಕಪ್ಪಿನ ಹಿಡಿ ಮುರಿಯಿತು. ಚಾಪೆಲ್‌ನದು. ಕೋಟಿನ ಜೇಬಿಗೆ ಹಾಕಿಕೊಂಡೆ.

ಹೊರಗೆ ಬಂದರೆ ಬಸ್ಸು ಅಲ್ಲೇ ನಿಂತಿತ್ತು. ಅದರ ಮೆಟ್ಟಿಲ ಮೇಲೆ ಅದರ ಡ್ರೈವರ್ ಕೂತು, ತೊಡೆಯ ಮೇಲೆ ಕಾಗದ ಹಾಸಿ, ಬ್ರೆಡ್ಡಿಗೆ ಒಣಮಾಂಸವನ್ನು ಚಾಕುವಿನಿಂದ ಹೆರೆದುಕೊಂಡು ತಿನ್ನುತ್ತಿದ್ದ. ಐವತ್ತು ದಾಟಿದವನು, ಬೋಳುತಲೆ, ನಿದ್ದೆಗೆಟ್ಟ ಕಣ್ಣು. ಒಳಗೆ ಹಿಂದಿನ ಸೀಟಿನ ಮೇಲೆ ಕಂಬಳಿ ಹಾಸಿತ್ತು. ಅವನು ಹಾಡುವವನಲ್ಲ, ನುಡಿಸುವವನಲ್ಲ, ಅದಕ್ಕೇ ಅವನ ಹೆಸರನ್ನು ಯಾರೂ ಕೂಗಿರಲಿಲ್ಲ. ನಾನು ಎದುರಿಗೆ ಹೋಗಿ ನಿಂತೆ. ಬಾ ಎಂದೆ. ಅರ್ಥವಾಗಲಿಲ್ಲ. ಕೈಯನ್ನು ಕೆನ್ನೆಗೆ ಆನಿಸಿ ಮಲಗುವ ಹಾಗೆ ತೋರಿಸಿದೆ. ಅವನು ಬಸ್ಸಿನ ಒಳಗೆ ತೋರಿಸಿದ. ಮಾತು ಬೆಳೆಸಿ ಪ್ರಯೋಜನವಿಲ್ಲ ಎಂದು ಅವನ ಚೀಲವನ್ನು ಎತ್ತಿಕೊಂಡು ನಡೆದುಬಿಟ್ಟೆ. ಹಿಂದಿನಿಂದ ಕೂಗುತ್ತ, ಚಾಕು ಕೈಯಲ್ಲೇ ಹಿಡಿದು ಓಡಿಬಂದ ಮಾರಾಯ್ತಿ! ಚಾಪೆಲ್ ಬೀದಿಯಲ್ಲಿ ನಾನು ಮುಂದೆ ಚೀಲ ಹಿಡಿದು, ಅವನು ಹಿಂದೆ ಚಾಕು ಹಿಡಿದು. ಪರದೆಗಳೆಲ್ಲ ಅಲ್ಲಾಡಿದವು. ನನ್ನ ಮನೆ ಬಾಗಿಲು ತೆಗೆದು, ಬೆಂಕಿ, ಮೇಜು, ಮಾಂಸದ ತಟ್ಟೆ ಕಂಡ ಮೇಲೆ ಚಾಕು ಮಡಚಿ ಜೇಬಿಗೆ ಹಾಕಿಕೊಂಡ. ಎದೆ ಮುಟ್ಟಿ “ಲೋಯ್ಝೆ” ಎಂದ.

ಹೊಟ್ಟೆ ತುಂಬ ಉಂಡ. ದ್ರಾಕ್ಷಿಬಿಲ್ಲೆಗಳನ್ನು ಎಣಿಸುವ ಹಾಗಿರಲಿಲ್ಲ. ಟೀ ಕೊಟ್ಟರೆ ಮೂಸಿ, ಒಂದು ಗುಟುಕು ಕುಡಿದು, ಕಾಯಿಲೆಯವರಿಗೆ ಕೊಡುವುದನ್ನು ತನಗೇಕೆ ಕೊಟ್ಟರು ಎಂಬ ಹಾಗೆ ನೋಡಿದ. ಹಾಡುತ್ತೀಯಾ ಎಂದು ಗಂಟಲು ಮುಟ್ಟಿ ಕೇಳಿದೆ. ಎರಡೂ ಕಿವಿಗೆ ಬೆರಳಿಟ್ಟು, ಕಣ್ಣು ಮುಚ್ಚಿ, ಮುಖವನ್ನು ಕಹಿ ಮದ್ದು ಕುಡಿದ ಹಾಗೆ ಮಾಡಿದ. ಪಾಪ, ಆ ಮೂವತ್ತೆಂಟು ಜನ ಅಷ್ಟು ದೂರವೂ ಬಸ್ಸಿನಲ್ಲಿ ಹಾಡಿಕೊಂಡೇ ಬಂದಿದ್ದಾರೆ! ನಾನು ನಕ್ಕುಬಿಟ್ಟೆ. ಅಡುಗೆಮನೆಯಲ್ಲಿ ನನ್ನ ನಗು ನನಗೇ ಗುರುತು ಹತ್ತಲಿಲ್ಲ. ಅವನೂ ನಕ್ಕ. ನಕ್ಕು ಎದ್ದು ಮೇಲೆ ಹೋಗಿ ಮಲಗಿದ.

ನಾನು ಬಯಸಿದ್ದು ಬೇರೆ. ಬೆಳಿಗ್ಗೆ ಮಹಡಿಯ ಮೇಲಿಂದ ಒಂದು ದನಿ ಮೆಲ್ಲಗೆ ಏರುತ್ತ ಇಳಿಯುತ್ತ ಬರಬೇಕು, ನಾನು ಕೆಳಗೆ ಮೊಟ್ಟೆ ಒಡೆಯುತ್ತ ಕೇಳಬೇಕು ಎಂದು. ಬಂದದ್ದು ಗೊರಕೆ. ಆದರೆ ಎಂಥ ಗೊರಕೆ ಅಂತೀಯ! ಮಂದ್ರವೇ. ಕೆಳಗಿನ ಬಟ್ಟಲುಗಳು ಸಣ್ಣಗೆ ನಡುಗುತ್ತಿದ್ದವು. ನಾನು ಒಂದು ದ್ರಾಕ್ಷಿಬಿಲ್ಲೆ ಹಿಡಿದು ಮಹಡಿ ಮೆಟ್ಟಿಲ ಮೇಲೆ ಕೂತು ಕೇಳಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ತುಂಬ ಹೊತ್ತು ಕೂತಿದ್ದೆ. ಮೇಲೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಹಸಿವಾಗುತ್ತದೆ, ಎದ್ದು ಬರುತ್ತಾನೆ ಎಂಬುದೇ ಸಾಕಾಗಿತ್ತು.

ಅಷ್ಟರಲ್ಲಿ ಬಾಗಿಲು ತಟ್ಟಿದರು. ಎಮ್ಲಿನ್. ಟೋಪಿ ಕೈಯಲ್ಲಿ, ಮುಖ ಕೆಂಪಗೆ.

“ತೆಗ್ವೆನ್, ಡ್ರೈವರ್ ನಿಮ್ಮನೇಲಿದ್ದಾನಂತೆ?”

“ಕಿವಿ ಇದ್ಯಲ್ಲ, ಕೇಳ್ಕೋ.”

ಅವನು ಕೇಳಿಸಿಕೊಂಡ. ಕೇಳಿಸದೇ ಇರುವ ಹಾಗೂ ಇರಲಿಲ್ಲ.

“ನೋಡು, ತಪ್ಪು ತಿಳ್ಕೋಬೇಡ. ಊರವ್ರು ಏನಂತಾರೆ? ಗುರುತು ಪರಿಚಯ ಇಲ್ಲದ ಗಂಡಸು, ನೀನೊಬ್ಳೇ...”

“ಎಮ್ಲಿನ್, ನಂಗೆ ಅರವತ್ನಾಲ್ಕು. ಅವ್ನು ನಿನ್ನೆ ಮಲಗಿದವ್ನು ಇನ್ನೂ ಎದ್ದಿಲ್ಲ. ಊರವ್ರಿಗೆ ಬೇಕಿದ್ರೆ ಬಂದು ಮೆಟ್ಲ ಮೇಲೆ ಕೂತು ಕೇಳ್ಲಿ, ಟಿಕೆಟ್ ಇಲ್ಲ.”

“ಅವ್ನನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ನೀನು ಯಾಕೆ ಕಷ್ಟಪಡ್ತೀಯ?”

“ಎಬ್ಬಿಸಿ ನೋಡು. ಚಾಕು ಇದೆ ಅವ್ನ ಹತ್ರ.”

ಎಮ್ಲಿನ್ ಟೋಪಿಯನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದ. ಬೈದರೆ ಬೈಸಿಕೊಳ್ಳಲು ಬಂದವನ ಹಾಗಿದ್ದ, ಬೈಯಲು ಬಂದವನ ಹಾಗಲ್ಲ. “ನಾನು ಮಾತು ಕೊಟ್ಟಿದ್ದೀನಿ ತೆಗ್ವೆನ್,” ಎಂದು ಶುರುಮಾಡಿ, “ಇರ್ಲಿ, ಆಮೇಲೆ” ಎಂದು ಹೊರಟುಹೋದ. ಯಾರಿಗೆ ಮಾತು ಕೊಟ್ಟ, ಸಮಿತಿಯವರಿಗೋ, ಪಾದ್ರಿಗೋ? ನನಗೆ ಮೈಯೆಲ್ಲ ಉರಿಯಿತು. ನಾನಿಲ್ಲದೆ ಎಲ್ಲೋ ಕೂತು ನನ್ನ ಮನೆಯನ್ನು ಪಟ್ಟಿಯಿಂದ ತೆಗೆದುಹಾಕಿದ್ದಾರೆ ಎಂದು ಗೊತ್ತಾಯಿತು. ಅದನ್ನು ಮುಖದ ಮೇಲೆ ಹೇಳುವ ಧೈರ್ಯ ಒಬ್ಬರಿಗೂ ಬಂದಿಲ್ಲ.

ಲೋಯ್ಝೆ ಮಧ್ಯಾಹ್ನ ಎದ್ದ. ಹಿತ್ತಲ ಮೆಟ್ಟಿಲ ಮೇಲೆ ಕೂತು ತನ್ನ ಬೂಟು ಉಜ್ಜಿದ. ಉಜ್ಜಿ ಮುಗಿದ ಮೇಲೆ ನನ್ನ ಕಾಲು ತೋರಿಸಿ ಬೂಟು ಕೊಡು ಎಂದು ಕೈ ಚಾಚಿದ. ಕೊಟ್ಟೆ. ಸಂಜೆ ಅಷ್ಟು ಹೊಳೆಯುವ ಬೂಟು ಹಾಕಿಕೊಂಡು ಚಾಪೆಲ್‌ಗೆ ಹೋದದ್ದು ನಾನೊಬ್ಬಳೇ. ಬಾಗಿಲಲ್ಲಿ ಕೆರಿದ್ವೆನ್, “ಏನೇ, ಡ್ರೈವರ್ ಸಾಹೇಬ್ರು ಎದ್ರಾ?” ಎಂದಳು. “ಎದ್ರು, ನಿನ್ನ ಮೀಸೆಗಳು ಉಂಡ್ವಾ?” ಎಂದೆ. ಅವಳ ಹಿಂದೆ ನಿಂತಿದ್ದವರು ಕಿಸಕ್ಕೆಂದರು.

ಕಛೇರಿಯ ಬಗ್ಗೆ ಹೇಳಬೇಕು. ನಮ್ಮವರು ಹಾಡುವುದು ನಿನಗೆ ಗೊತ್ತು, ಎದುರು ಬೆಟ್ಟದ ಕುರಿಗಳೂ ತಲೆ ಎತ್ತಬೇಕು. ಅವರು ಹಾಗಲ್ಲ. ಅವರು ಅರ್ಧ ವೃತ್ತವಾಗಿ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತ, ಪಕ್ಕದವನಿಗೆ ಮಾತ್ರ ಕೇಳಿದರೆ ಸಾಕು ಎಂಬ ಹಾಗೆ ಹಾಡುತ್ತಾರೆ. ಇಡೀ ಚಾಪೆಲ್ ಮುಂದಕ್ಕೆ ಬಗ್ಗಿ ಕೂತಿತು. ಒಂದಕ್ಕರವೂ ತಿಳಿಯಲಿಲ್ಲ. ಯಾರೋ ಯಾರನ್ನೋ ಬಿಟ್ಟು ಬಂದ ಹಾಡೇ ಇರಬೇಕು, ಇಲ್ಲದಿದ್ದರೆ ನನಗೆ ಹಾಗೆ ಆಗುತ್ತಿರಲಿಲ್ಲ. ಅಕಾರ್ಡಿಯನ್‌ನವನು ಪಾದ್ರಿಯ ಮನೆಯ ಊಟ ಉಂಡೂ ಬದುಕಿದ್ದ, ಚೆನ್ನಾಗಿಯೇ ನುಡಿಸಿದ. ಲೋಯ್ಝೆ ನನ್ನ ಪಕ್ಕದಲ್ಲಿ ಕೂತು ಎರಡನೆಯ ಹಾಡಿಗೇ ನಿದ್ದೆ ಹೋದ. ಗೊರಕೆ ಶುರುವಾದಾಗ ನಾನು ಮೊಣಕೈಯಿಂದ ತಿವಿದೆ. ತಿವಿದಾಗ ಒಂದು ಕ್ಷಣ ಎಲ್ಲ ಮೊದಲಿನ ಹಾಗೇ ಇದೆ ಅನ್ನಿಸಿತು.

ಕೊನೆಯ ಕೀರ್ತನೆಗೆ ಎರಡೂ ಮೇಳ ಬೆರೆತು ನಿಂತರು. ವಾಡಿಕೆಯಂತೆ ಅತಿಥಿ ತಾನು ಉಳಿದ ಮನೆಯವನ ಪಕ್ಕದಲ್ಲೇ ನಿಲ್ಲಬೇಕಲ್ಲ. ಮಂದ್ರದ ಸಾಲಿನಲ್ಲಿ ನಮ್ಮವನು, ಅವರವನು, ನಮ್ಮವನು, ಅವರವನು. ಆ ತುದಿಯನ್ನು ನೋಡಬಾರದು ಎಂದು ಮನೆಯಿಂದಲೇ ನಿಶ್ಚಯಿಸಿಕೊಂಡು ಹೋಗಿದ್ದೆ. ನೋಡಿದೆ. ಇದ್ವಲನ ಜಾಗ ಅಲ್ಲಿರಲಿಲ್ಲ. ಸಾಲು ಕೂಡಿಕೊಂಡುಬಿಟ್ಟಿತ್ತು. ಅಷ್ಟು ಜನ ಒಟ್ಟಿಗೆ ಹಾಡಿದಾಗ ಬೆಂಚು ನಡುಗುತ್ತದೆ, ನಿನಗೆ ನೆನಪಿರಬೇಕು. ಅಷ್ಟು ದನಿಗಳ ನಡುವೆ ನಾನು ಅವನೊಬ್ಬನ ದನಿ ಹುಡುಕುತ್ತ ಕೂತಿದ್ದೆ. ಕೈತಟ್ಟಲು ಎಲ್ಲರೂ ಎದ್ದಾಗ ನನಗೆ ತಕ್ಷಣ ಏಳಲಾಗಲಿಲ್ಲ, ಲೋಯ್ಝೆ ಎಚ್ಚರಾಗಿ ನನ್ನನ್ನು ಎಬ್ಬಿಸಿದ.

ಭಾನುವಾರ ಬೆಳಿಗ್ಗೆ ಹೊರಟರು. ಅವರೆಲ್ಲ ಬಸ್ಸಿನ ಕಿಟಕಿಗಳಿಂದ ಹಾಡುತ್ತ, ನಮ್ಮವರು ಕೆಳಗೆ ನಿಂತು ಹಾಡುತ್ತ, ಹೆಂಗಸರು ಕರವಸ್ತ್ರ ಬೀಸುತ್ತ. ಲೋಯ್ಝೆ ಇಂಜಿನ್ ಶುರುಮಾಡಿ, ಕಿವಿಗೆ ಬೆರಳಿಟ್ಟು ನನ್ನ ಕಡೆ ಮತ್ತೆ ಆ ಕಹಿ ಮದ್ದಿನ ಮುಖ ಮಾಡಿದ. ನಾನು ಉಳಿದ ಬಿಲ್ಲೆಗಳನ್ನೆಲ್ಲ ಡಬ್ಬಿಯಲ್ಲಿ ತುಂಬಿ ಅವನ ಸೀಟಿನ ಕೆಳಗೆ ಇಟ್ಟಿದ್ದೆ. ಡಬ್ಬಿ ವಾಪಸು ಬರುವುದಿಲ್ಲ, ಇರಲಿ.

ಹೊದಿಕೆ ಒಗೆದು ಹಾಕಿದ್ದೇನೆ. ಮಳೆ ಬಿಡುವು ಕೊಟ್ಟಿದೆ, ಬೇಗ ಒಣಗುತ್ತದೆ. ಗೊಮರನಿಗೆ ಹೇಳು, ಮೇಲ್ದನಿಯವರು ಒಂದು ಕಡೆ ಎಡವಿದರು, ಅವನಿದ್ದಿದ್ದರೆ ಎಡವುತ್ತಿರಲಿಲ್ಲ. ಅವನಿಗೆ ಅಷ್ಟು ಹೊಗಳಿಕೆ ಒಂದು ವರ್ಷಕ್ಕೆ ಸಾಕು. ನಿನ್ನ ಮೊಮ್ಮಗಳಿಗೆ ಹಲ್ಲು ಬಂದಿತೇ? ಅವಳಿಗೆ ನನ್ನದೊಂದು ಮುತ್ತು. ದೇವರು ನಿಮ್ಮನ್ನೆಲ್ಲ ಆ ಬಿಸಿಲಿನ ನಾಡಿನಲ್ಲಿ ತಣ್ಣಗಿಟ್ಟಿರಲಿ, ನಿನ್ನ ಮನೆಯಲ್ಲಿ ಯಾವಾಗಲೂ ನಾಲ್ಕು ಜನರ ಗಲಾಟೆ ಇರಲಿ.

ನಿನ್ನ
ತೆಗ್ವೆನ್

ತಾ.ಕ.: ಮೇಲೆ ಹೇಳದೆ ಬಿಟ್ಟದ್ದೊಂದಿದೆ. ಹೇಳದಿದ್ದರೆ ಒಂದು ವಾರ ಯಾಕೆ ಬರೆಯಲಿಲ್ಲ ಎಂದು ನಿನಗೆ ತಿಳಿಯುವುದಿಲ್ಲ.

ಬಸ್ಸು ಹೋದ ಮೇಲೆ ಹಾಲ್‌ನಲ್ಲಿ ಎಮ್ಲಿನ್ ಕುರ್ಚಿ ಜೋಡಿಸುತ್ತಿದ್ದ. ನಾನು ನೇರ ಹೋಗಿ, “ಯಾರಿಗೆ ಮಾತು ಕೊಟ್ಟಿದ್ದೆ ಹೇಳು” ಎಂದೆ. ಸಮಿತಿಯವರೂ ಅಲ್ಲ, ಪಾದ್ರಿಯೂ ಅಲ್ಲ. ಇದ್ವಲನಿಗೆ. ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ ನಾನು ಅಂಗಡಿಗೆ ಹೋಗಿದ್ದಾಗ ಎಮ್ಲಿನ್ ಅವನ ಹಾಸಿಗೆಯ ಪಕ್ಕ ಕೂತಿದ್ದನಂತೆ. ಇದ್ವಲ್ ಅವನ ಕೈ ಹಿಡಿದು ಹೇಳಿದನಂತೆ: “ನಾನು ಹೋದ್ಮೇಲೆ ನಮ್ಮನೆಗೆ ಯಾರನ್ನೂ ಕಳಿಸ್ಬೇಡ ಎಮ್ಲಿನ್. ತೆಗ್ವೆನ್‌ಗೆ ಇದು ಯಾವತ್ತೂ ಇಷ್ಟ ಇರ್ಲಿಲ್ಲ. ನನಗೋಸ್ಕರ ಸಹಿಸ್ಕೊಂಡ್ಲು. ಇನ್ನಾದ್ರೂ ಅವ್ಳು ಸುಖವಾಗಿರ್ಲಿ.” ಅಷ್ಟು ಹೇಳಲು ಅವನು ನಾಲ್ಕು ಸಲ ನಿಲ್ಲಿಸಬೇಕಾಯಿತಂತೆ. ಆಗ ಅವನಲ್ಲಿ ಉಳಿದಿದ್ದ ಉಸಿರು ಎಷ್ಟು ಎಂದು ನನಗೆ ಗೊತ್ತು ನೆಸ್ಟಾ. ಅದನ್ನು ಇದಕ್ಕೆ ಖರ್ಚು ಮಾಡಿದ್ದಾನೆ.

ಪ್ರತಿ ಸಲ ಪಾತ್ರೆ ಕುಟ್ಟಿ, ಹೊದಿಕೆ ಒದರಿ, ‘ನಿನ್ನ ಮೇಳ ಹಾಳಾಗಲಿ’ ಎಂದು ನಾನು ಗೊಣಗಿದ್ದನ್ನು ಅವನು ನಿಜವೆಂದೇ ಇಟ್ಟುಕೊಂಡು ಹೋದ. ನಾನು ಗೊಣಗುವುದು ಖುಷಿಯಲ್ಲಿದ್ದಾಗಲೇ ಎಂದು ಅವನಿಗೆ ಗೊತ್ತಿರಲಿಲ್ಲ. ಒಂದೇ ಹಾಸಿಗೆಯಲ್ಲಿ ಅಷ್ಟು ವರ್ಷ ಮಲಗಿ ಗೊತ್ತಿರಲಿಲ್ಲ.

ಎಮ್ಲಿನ್ ಕೇಳಿದ, “ಅವ್ನು ಹೇಳಿದ್ದು ಸರಿ ತಾನೇ ತೆಗ್ವೆನ್?” ಸತ್ತ ಗಂಡನನ್ನು ಅವನ ಸ್ನೇಹಿತನ ಮುಂದೆ ದಡ್ಡನೆನ್ನಿಸಲು ನನಗೆ ಬಾಯಿ ಬರಲಿಲ್ಲ. “ಸರಿ, ಅವ್ನಿಗೆ ಎಲ್ಲಾ ಗೊತ್ತಿತ್ತು” ಎಂದೆ. ಎಮ್ಲಿನ್‌ಗೆ ಎಷ್ಟು ನೆಮ್ಮದಿಯಾ­ಯಿತೆಂದರೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಾಗಾಗಿ ಇನ್ನು ಮುಂದೆಯೂ ನನ್ನ ಮನೆಗೆ ಯಾರೂ ಬರುವುದಿಲ್ಲ.

ನಿನಗೆ ಗೊತ್ತಿತ್ತು ಅಲ್ಲವೇ, ನನಗೆ ಅವರು ಬರುವುದು ಇಷ್ಟ ಎಂದು? ಮುಂದಿನ ಕಾಗದದಲ್ಲಿ ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ, ಗೊತ್ತಿತ್ತು ಎಂದಷ್ಟು ಬರೆ. ಒಬ್ಬರಿಗಾದರೂ ಗೊತ್ತಿತ್ತು ಎಂದಾದರೆ ಸಾಕು.